‘ಕೊಡಗಲ್ಲಿ ಎಲ್ಲಿಯ ಸೆಕೆ?’ ಅನ್ನುವವರಿಗೆ: ಬೇಸಿಗೆ ಮೈದಾನದ ಕೈಪಿಡಿ

ಹಾಕಿ ಪಂದ್ಯ ಮುಗಿಯಲು ಏಳೆಂಟು ನಿಮಿಷ ಬಾಕಿ ಇತ್ತು. ನಮ್ಮ ಚಿಕ್ಕಪ್ಪನ ಮಗ ಚೆಂಡು ತಡೆದವನು ತಿರುಗಿ ನಮ್ಮದೇ ಗೋಲಿನ ಕಡೆ ಹೊರಟ. ಗ್ಯಾಲರಿಯಲ್ಲಿ ನಗುವೋ ನಗು. ನಾನೂ ನಕ್ಕೆ. ಎರಡು ನಿಮಿಷ ಆದಮೇಲೆ ಅವನು ಮೈದಾನದ ನಡುವೆ ಕೂತು ಶೂ ಲೇಸು ಬಿಚ್ಚತೊಡಗಿದ. ಓಡಿಹೋಗಿ ‘ಏನಾಯ್ತೋ?’ ಅಂದರೆ, ನನ್ನ ಮುಖ ನೋಡಿ ‘ದನ ಕಟ್ಟಿ ಆಯ್ತಾ?’ ಅಂತ ಕೇಳಿದ. ಅವರ ಮನೆಯಲ್ಲಿ ದನ ಸಾಕುವುದು ಬಿಟ್ಟು ಹದಿನೈದು ವರ್ಷ ಆಗಿತ್ತು.

ನಾಲ್ಕು ಜನ ಹೊತ್ತು ಜೀಪಿಗೆ ಹಾಕಿದೆವು. ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ತಿರುವಿನ ದಾರಿ. ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, ‘ಅಲ್ಲೇ ಮೈಗೆ ನೀರು ಸುರಿದಿದ್ರಾ?’ ‘ಇಲ್ಲ ಸಾರ್, ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಕರ್ಕೊಂಡು ಬಂದ್ವಿ’ ಅಂದೆ, ಏನೋ ದೊಡ್ಡ ಕೆಲಸ ಮಾಡಿದವನ ಹಾಗೆ. ಮೈದಾನದ ಧೂಳಿಗೆ ನೀರು ಹೊಡೆಯಲು ತಂದಿದ್ದ ಟ್ಯಾಂಕರ್, ಅವನು ಬಿದ್ದ ಜಾಗದಿಂದ ಮೂವತ್ತು ಹೆಜ್ಜೆ ದೂರದಲ್ಲಿ ನಿಂತಿತ್ತು. ಅದು ಹೀಟ್ ಸ್ಟ್ರೋಕ್, ಅಂದರೆ ಮೈಯೊಳಗಿನ ಕಾವು ಮಿತಿಮೀರಿ ಮಿದುಳು ತಪ್ಪುವುದು. ಹುಡುಗ ಉಳಿದುಕೊಂಡ. ಆದರೆ ಕಿಡ್ನಿ ಸುಧಾರಿಸಲು ವಾರಗಳೇ ಹಿಡಿದವು. ಅಂದಿನಿಂದ ನಮ್ಮ ಒಕ್ಕದ, ಅಂದರೆ ಒಂದೇ ಮನೆಹೆಸರಿನ ಕೊಡವ ಕುಟುಂಬದ, ತಂಡದಲ್ಲಿ ನಾನು ಆಡುವವನಲ್ಲ, ನೀರಿನ ಡ್ರಮ್ ನೋಡಿಕೊಳ್ಳುವವನು. ಆ ಕೆಲಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ತಂಪು ಊರೇ ಯಾಕೆ ಮೋಸ ಮಾಡುತ್ತದೆ

ಹೀಟ್ ಸ್ಟ್ರೋಕ್ ಅಂದರೆ ರಾಯಚೂರು, ಕಲಬುರಗಿಯ ಕಾಯಿಲೆ ಅಂತ ನಮ್ಮವರ ನಂಬಿಕೆ. ಬಿಸಿಲಲ್ಲಿ ಸುಮ್ಮನೆ ಕೂತ ವಯಸ್ಸಾದವರಿಗೆ ಬರುವುದು ಒಂದು ಬಗೆ. ಓಡಾಡಿ ಆಡುವವರಿಗೆ ಬರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಬೆಂಕಿ ಹೊರಗಿಲ್ಲ, ಒಳಗಿದೆ. ಸ್ನಾಯು ಕೆಲಸ ಮಾಡುವಾಗ ಉರಿಯುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಬರೀ ಶಾಖವಾಗಿ ಹೋಗುತ್ತದೆ. ಅದನ್ನು ಹೊರಗೆ ಹಾಕಲು ದೇಹಕ್ಕಿರುವ ಮುಖ್ಯ ದಾರಿ ಬೆವರು ಆರುವುದು. ಬೆವರು ಸುರಿದರೆ ಸಾಲದು, ಆರಬೇಕು. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮರುದಿನ ಬಿಸಿಲು ಕಾದು, ಗಾಳಿಯೇ ಇಲ್ಲದೆ ಮೈಯೆಲ್ಲ ಅಂಟಂಟಾಗುತ್ತದಲ್ಲ, ಅಂಥ ದಿನ ಬೆವರು ಆರುವುದೇ ಇಲ್ಲ. ಆಗ 28 ಡಿಗ್ರಿಯಲ್ಲೂ ಗಟ್ಟಿ ಆಳು ಬೀಳಬಹುದು. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದಮೇಲೆ ಬಿಸಿಗಾಳಿಯ ಲೆಕ್ಕ ಹಿಡಿಯುವ ಹವಾಮಾನ ಇಲಾಖೆ, ಗುಡ್ಡಗಾಡಿಗೆ ಆ ಗೆರೆಯನ್ನು 30 ಡಿಗ್ರಿಗೇ ಇಟ್ಟಿದೆ.

ಮೊಬೈಲ್‌ನಲ್ಲಿ ಕಾಣುವ ಉಷ್ಣಾಂಶ ನೆರಳಿನದು ಅನ್ನುವುದನ್ನೂ ಮರೆಯಬೇಡಿ. ನಾವು ಹುಟ್ಟಿ ಬೆಳೆಯುವುದು ಸಿಲ್ವರ್ ಓಕ್, ಹಲಸು, ಅತ್ತಿಮರದ ನೆರಳಲ್ಲಿ. ಇಡೀ ಊರಲ್ಲಿ ತಲೆ ಮೇಲೆ ಎಲೆಯಿಲ್ಲದ ಜಾಗ ಅಂದರೆ ಮೈದಾನವೊಂದೇ. ಸಿಂಥೆಟಿಕ್ ಟರ್ಫ್ ಆದರೆ ಇನ್ನೂ ಕಷ್ಟ. ನೀರು ಆರಿದ ಟರ್ಫ್ ಹುಲ್ಲಿಗಿಂತ ಎಷ್ಟೋ ಪಾಲು ಹೆಚ್ಚು ಕಾಯುತ್ತದೆ, ಅಂಗಾಲಿಗೇ ಗೊತ್ತಾಗುತ್ತದೆ.

ನಮ್ಮ ಕ್ರೀಡಾ ಹಂಗಾಮು ಬರುವುದೂ ಸರಿಯಾಗಿ ಇದೇ ಹೊತ್ತಿಗೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವರ ಕೌಟುಂಬಿಕ ಹಾಕಿ ಹಬ್ಬ ಶುರು ಮಾಡಿದಾಗ ಬಂದದ್ದು 60 ಒಕ್ಕಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಆಡಿದ್ದು 360. ಇಷ್ಟು ತಂಡ ಇದ್ದಮೇಲೆ ಯಾರಿಗಾದರೂ ನಡು ಮಧ್ಯಾಹ್ನದ ಪಂದ್ಯ ಬಂದೇ ಬರುತ್ತದೆ. ಹಾಕಿ ಹಬ್ಬಕ್ಕೆ ಹೇಳಿದ್ದು ಗೌಡ ಕುಟುಂಬಗಳ ಕ್ರಿಕೆಟ್ಟಿಗೂ, ಹಗ್ಗಜಗ್ಗಾಟಕ್ಕೂ, ಶಾಲೆಯ ಬೇಸಿಗೆ ಶಿಬಿರಕ್ಕೂ ಸಲ್ಲುತ್ತದೆ.

ಹತ್ತು ದಿನ ಮೊದಲು

ನಮ್ಮ ತಂಡಗಳಲ್ಲಿ ಅಪಾಯ ಯಾರಿಗೆ ಹೆಚ್ಚು? ವಯಸ್ಸಾದವರು ಅಂತೀರಿ. ಐವತ್ತೈದರ ಮಾಮ ತನ್ನ ಮಿತಿ ಬಲ್ಲವರು, ಸುಸ್ತಾದರೆ ಹೊರಗೆ ಬಂದು ಕೂರುತ್ತಾರೆ. ನಾನು ಕಣ್ಣಿಡುವುದು ಬೆಂಗಳೂರಿನ ಎಸಿ ಆಫೀಸಿನಿಂದ ಹಿಂದಿನ ರಾತ್ರಿಯ ಬಸ್ಸಿನಲ್ಲಿ ಬಂದ ಇಪ್ಪತ್ತೇಳರ ಹುಡುಗನ ಮೇಲೆ. ನಿದ್ದೆ ಇಲ್ಲ, ಅಭ್ಯಾಸ ಇಲ್ಲ, ಆದರೆ ಮನೆಹೆಸರಿನ ಜರ್ಸಿ ಹಾಕಿದ ಮೇಲೆ ಹಿಂದೆ ಸರಿಯುವವನಲ್ಲ.

ಸೆಕೆಗೆ ಮೈ ಒಗ್ಗಲು ಏಳರಿಂದ ಹದಿನಾಲ್ಕು ದಿನ ಬೇಕು. ಒಗ್ಗಿದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಆ ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಎದೆಬಡಿತವೂ ಹದದಲ್ಲಿರುತ್ತದೆ. ಇದಕ್ಕೆ ಊರಿಗೇ ಬರಬೇಕೆಂದಿಲ್ಲ. ಬೆಂಗಳೂರಿನಲ್ಲೇ ಜಿಮ್ ಬಿಟ್ಟು ಸಂಜೆ ನಾಲ್ಕಕ್ಕೆ ಹೊರಗೆ ಓಡಿ. ಮೊದಲ ಎರಡು ದಿನ ಇಪ್ಪತ್ತು ನಿಮಿಷ ಹಗುರಾಗಿ, ಆಮೇಲೆ ದಿನಕ್ಕೆ ಐದೋ ಹತ್ತೋ ನಿಮಿಷ ಸೇರಿಸುತ್ತ ಹೋದರೆ ಹತ್ತನೇ ದಿನಕ್ಕೆ ಪಂದ್ಯದ ಹೊತ್ತಿನಲ್ಲಿ, ಪಂದ್ಯದ ವೇಗದಲ್ಲಿ ಓಡಬಲ್ಲಿರಿ. ಗೋಲ್‌ಕೀಪರ್ ಪ್ಯಾಡ್, ಚೆಸ್ಟ್ ಗಾರ್ಡ್, ಹೆಲ್ಮೆಟ್ ಎಲ್ಲ ಕಟ್ಟಿಕೊಂಡು ಅಭ್ಯಾಸ ಮಾಡುವುದು ಐದಾರು ದಿನ ಕಳೆದಮೇಲೆ. ಒಗ್ಗಿದ್ದು ಎರಡು ಮೂರು ವಾರ ಬಿಟ್ಟರೆ ಹೋಗಿಬಿಡುತ್ತದೆ, ಹೋದ ವರ್ಷದ ಅಭ್ಯಾಸ ಈ ವರ್ಷಕ್ಕೆ ಬರುವುದಿಲ್ಲ. ಹತ್ತು ದಿನ ಸಿಗದವರನ್ನು ಐದೈದು ನಿಮಿಷಕ್ಕೆ ಬದಲಿಸಿ ಆಡಿಸಿ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಹಿಂದಿನ ದಿನ

ಇಲ್ಲಿ ನಾನು ಬೈಸಿಕೊಳ್ಳುವ ಮಾತು ಬರುತ್ತದೆ. ಎಲ್ಲೆಲ್ಲಿಂದಲೋ ನೆಂಟರು ಬಂದು ಸೇರಿದ ರಾತ್ರಿ ಬಾಟಲಿ ಮುಚ್ಚಿಡಿ ಅಂದರೆ ಕೇಳುವವರು ಯಾರು? ಆದರೂ ಹೇಳುತ್ತೇನೆ. ಮದ್ಯ ಮೂತ್ರ ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ. ಮರುದಿನ ಒಣಗಿದ ಮೈಯಲ್ಲೇ ಆಟ ಶುರುವಾಗುತ್ತದೆ. ನಮ್ಮ ತಂಡದಲ್ಲಿ ಈಗ ಒಂದು ಒಪ್ಪಂದ ಇದೆ: ಪಂದ್ಯ ಮುಗಿದ ಸಂಜೆ ಎಷ್ಟಾದರೂ ಸರಿ, ಹಿಂದಿನ ರಾತ್ರಿ ಬೇಡ. ಕಾಫಿಗೆ ನನ್ನ ತಕರಾರಿಲ್ಲ. ಬೆಳಿಗ್ಗೆ ಒಂದೆರಡು ಲೋಟ ಬೆಲ್ಲದ ಕಾಫಿಯಿಂದ ಯಾರ ಮೈಯೂ ಒಣಗುವುದಿಲ್ಲ.

ಎರಡು ಮೂರು ದಿನದ ಹಿಂದೆ ಜ್ವರ, ಭೇದಿ, ವಾಂತಿ ಆಗಿದ್ದವರನ್ನು ಇಳಿಸಬೇಡಿ, ಅವರು ತಂಡದ ಅತ್ಯುತ್ತಮ ಫಾರ್ವರ್ಡ್ ಆಗಿದ್ದರೂ ಸರಿ. ಒಮ್ಮೆ ಹೀಟ್ ಸ್ಟ್ರೋಕ್ ಆದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು, ನಿದ್ದೆ ಬರಿಸುವ ಬಗೆಯ ನೆಗಡಿ ಮಾತ್ರೆ ತೆಗೆದುಕೊಂಡವರು, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಮೊದಲೇ ಡಾಕ್ಟರನ್ನು ಕೇಳಿ. ತಾವಾಗಿ ಮಾತ್ರೆ ನಿಲ್ಲಿಸಬಾರದು.

ನೀರು: ಎಷ್ಟು, ಯಾವುದು

‘ಕುಡಿ, ಕುಡಿ’ ಅಂತ ಒತ್ತಾಯ ಮಾಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಈಗ ಅಳೆದು ಹೇಳುತ್ತೇನೆ. ತೋಟ ಇರುವ ಮನೆಯಲ್ಲಿ ಕಾಫಿ ತೂಗುವ ಯಂತ್ರ ಇದ್ದೇ ಇರುತ್ತದೆ. ಅಭ್ಯಾಸಕ್ಕೆ ಹೊರಡುವ ಮೊದಲು ಅದರ ಮೇಲೆ ನಿಂತು ತೂಕ ನೋಡಿ. ಬಂದಮೇಲೆ ಒದ್ದೆ ಬಟ್ಟೆ ಬಿಚ್ಚಿ, ಮೈ ಒರೆಸಿ, ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ಬೆವರು ಹೋಗಿದೆ, ಅದು ನೀವು ಕುಡಿದದ್ದನ್ನು ಬಿಟ್ಟು. 70 ಕಿಲೋ ಆಳು 1.4 ಕಿಲೋಗಿಂತ ಹೆಚ್ಚು, ಅಂದರೆ ನೂರಕ್ಕೆ ಎರಡರಷ್ಟಕ್ಕಿಂತ ಹೆಚ್ಚು ಇಳಿದರೆ ಆಟದ ನಡುವೆ ಕುಡಿದದ್ದು ಸಾಲಲಿಲ್ಲ ಅಂತ ಅರ್ಥ. ಇಳಿದ ಒಂದೊಂದು ಕಿಲೋಗೆ ಒಂದೂಕಾಲರಿಂದ ಒಂದೂವರೆ ಲೀಟರ್ ಲೆಕ್ಕದಲ್ಲಿ ಮುಂದಿನ ಕೆಲವು ಗಂಟೆಗಳಲ್ಲಿ ನಿಧಾನವಾಗಿ ಕುಡಿಯಿರಿ.

ತೂಕ ಏರಿದ್ದರೆ? ಆಗಲೂ ತಪ್ಪಾಗಿದೆ. ಬರೀ ನೀರನ್ನೇ ಬಾಟಲಿಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಬರುತ್ತದೆ. ಅದೂ ಜೀವ ತೆಗೆಯಬಹುದು. ಆಟದ ನಡುವೆ ಬಾಯಾರಿದಷ್ಟು, ಸಿಕ್ಕಾಗಲೆಲ್ಲ ನಾಲ್ಕೈದು ಗುಟುಕು ಅನ್ನುವುದು ಹೆಚ್ಚಿನವರಿಗೆ ಸಾಕು. ಬೆಳಿಗ್ಗೆ ಮೂತ್ರದ ಬಣ್ಣ ನೋಡಿ. ತೆಳು ನಿಂಬೆ ಪಾನಕದ ಹಾಗಿದ್ದರೆ ಸರಿ. ಗಟ್ಟಿ ಹಳದಿಯಿದ್ದರೆ ಪಂದ್ಯಕ್ಕೆ ಮೊದಲೇ ಕುಡಿಯಲು ಶುರು ಮಾಡಿ.

ಉಪ್ಪು ಹಾಕಿದ ನೀರು ಮಜ್ಜಿಗೆಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಅಗ್ಗವೂ ಹೌದು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಲ್ಲಿ ಹೋಗುವ ಸೋಡಿಯಂ ಕಡಿಮೆ. ಜೊತೆಗೆ ಉಪ್ಪಿನದೇನಾದರೂ ತಿನ್ನಿ. ಓಆರ್‌ಎಸ್ ಬೇಕೆಂದರೆ ಮೆಡಿಕಲ್ ಶಾಪಿನ ಪುಡಿ ಪೊಟ್ಟಣ ತಂದು, ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಸಿಹಿ ಜ್ಯೂಸಿನ ಡಬ್ಬಿ ಬೇರೆ, ಓಆರ್‌ಎಸ್ ಬೇರೆ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣಳತೆ ಬೇಡ.

ಬೆಳಿಗ್ಗೆ ಮೈದಾನದಲ್ಲಿ ಮೊದಲು ಇಡಬೇಕಾದ್ದು

ಸ್ಟಿಕ್ ಬ್ಯಾಗ್ ಇಳಿಸುವ ಮೊದಲು ನಾನು ಇಳಿಸುವುದು ಒಂದು ಟಾರ್ಪಾಲ್. ಕಾಫಿ ಒಣಗಿಸಲು ತಂದದ್ದೇ, ಎರಡಾಳು ಉದ್ದ, ಅಷ್ಟೇ ಅಗಲ. ಅದರ ಜೊತೆ 200 ಲೀಟರಿನ ಡ್ರಮ್ ತುಂಬ ನೀರು, ಎರಡು ಬಕೆಟ್, ಎಂಟು ಹತ್ತು ಟವೆಲ್, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್. ಸ್ವಲ್ಪ ನಾಚಿಕೆ ಬಿಟ್ಟರೆ ಮೀನಂಗಡಿಯಲ್ಲಿ ಐಸ್ ಸಿಗುತ್ತದೆ. ಕುಡಿಯುವುದಕ್ಕಲ್ಲ, ಮೈಗೆ ಹಾಕುವುದಕ್ಕೆ ಅದು ಧಾರಾಳ. ಡ್ರಮ್ ಮಾತ್ರ ತೋಟಕ್ಕೆ ಹೊಡೆಯುವ ಔಷಧಿ ಕಲಸಿದ್ದಾಗಿರಬಾರದು. ಬೋರ್ಡೋ ದ್ರಾವಣ ಕಲಸಿದ ಡ್ರಮ್ ತೊಳೆದು ತರುತ್ತೇನೆ ಅಂದ ಒಬ್ಬರನ್ನು ನಾನು ವಾಪಸ್ ಕಳಿಸಿದ್ದೇನೆ.

ಆಂಬುಲೆನ್ಸ್ ಒಳಗೆ ಬರುವ ಗೇಟು ಯಾವುದು, ಅದಕ್ಕೆ ಅಡ್ಡ ಯಾರ ಕಾರು ನಿಂತಿದೆ ಅನ್ನುವುದನ್ನೂ ನೋಡಿಡಿ. ಹಬ್ಬದ ದಿನ ರಸ್ತೆಯ ಎರಡೂ ಬದಿ ವಾಹನ ನಿಲ್ಲಿಸುವ ನಮ್ಮ ಚಂದ ಎಲ್ಲರಿಗೂ ಗೊತ್ತಲ್ಲ.

ಸಂಘಟಕರಿಗೆ ಎರಡೇ ಮಾತು. ಹನ್ನೆರಡರಿಂದ ಮೂರೂವರೆ ತನಕದ ಪಂದ್ಯಗಳನ್ನು ಬೆಳಿಗ್ಗೆಗೋ ಸಂಜೆಗೋ ಸರಿಸಿ. ಆಗದಿದ್ದರೆ ಆಟದ ಅವಧಿ ಇಳಿಸಿ, ನಡುವೆ ನೀರಿಗೆ ಬಿಡುವು ಕೊಡಿ, ಆಟಗಾರರ ಬೆಂಚಿಗೆ ಪೆಂಡಾಲ್ ಹಾಕಿಸಿ. ಅತಿಥಿಗಳ ಭಾಷಣ ಮುಗಿಯುವ ತನಕ ಎರಡು ತಂಡಗಳನ್ನು ಬಿಸಿಲಲ್ಲಿ ಸಾಲು ನಿಲ್ಲಿಸುವ ಪದ್ಧತಿಯನ್ನಂತೂ ನಿಲ್ಲಿಸಲೇಬೇಕು.

ಆಡುವಾಗ ಏನು ಗಮನಿಸಬೇಕು

ಬಿಸಿಲಿನ ಬಳಲಿಕೆ ಮೊದಲು ಕಾಣುತ್ತದೆ: ತಲೆಸುತ್ತು, ವಾಕರಿಕೆ, ಕಾಲು ಸೆಳೆತ, ಬಿಳುಚಿದ ಮುಖ. ಆಳು ಸರಿಯಾಗಿ ಮಾತಾಡುತ್ತಾನೆ, ‘ಆಗ್ತಿಲ್ಲ ಅಣ್ಣ’ ಅನ್ನುತ್ತಾನೆ. ಅವನನ್ನು ನೆರಳಿಗೆ ತಂದು, ಮಲಗಿಸಿ ಕಾಲು ಎತ್ತರಿಸಿ, ಮೈಗೆ ನೀರು ಹಾಕಿ, ಕುಡಿಯಲು ಕೊಡಿ. ಆ ದಿನದ ಆಟ ಅವನಿಗೆ ಮುಗಿಯಿತು. ಅರ್ಧ ಗಂಟೆಯಲ್ಲಿ ಚೇತರಿಸದಿದ್ದರೆ ಡಾಕ್ಟರಿಗೆ ತೋರಿಸಿ.

ಹೀಟ್ ಸ್ಟ್ರೋಕಿನ ಗುರುತು ತಲೆಯಲ್ಲಿ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ, ಅಂದರೆ 104 ಫ್ಯಾರನ್‌ಹೀಟ್ ದಾಟಿದಾಗ ಮಿದುಳು ತಪ್ಪುತ್ತದೆ. ತಪ್ಪು ಕಡೆ ಓಡುವುದು, ಅಂಪೈರ್ ಮೇಲೆ ಕಾರಣವಿಲ್ಲದೆ ರೇಗುವುದು, ಕುಡಿದವರ ಹಾಗೆ ತೂರಾಡುವುದು, ಸಂಬಂಧವಿಲ್ಲದ ಮಾತು, ಆಮೇಲೆ ಬೀಳುವುದು, ಫಿಟ್ಸ್. ‘ಚರ್ಮ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್’ ಅನ್ನುವ ಹಳೇ ಪಾಠವನ್ನು ಆಟಗಾರರ ವಿಷಯದಲ್ಲಿ ಮರೆತುಬಿಡಿ. ನಮ್ಮ ಹುಡುಗನ ಜರ್ಸಿ ಹಿಂಡಿದರೆ ನೀರು ಸುರಿಯುತ್ತಿತ್ತು. ಹಣೆಗೆ ಹಿಡಿಯುವ ಥರ್ಮಾಮೀಟರ್, ಕಂಕುಳಿನ ಥರ್ಮಾಮೀಟರ್ ಕೂಡ ಇಲ್ಲಿ ಸುಳ್ಳು ಹೇಳುತ್ತವೆ. ನಂಬಬಹುದಾದದ್ದು ಗುದದ ಥರ್ಮಾಮೀಟರ್ ಒಂದೇ, ಅದು ನಮ್ಮ ಕೈಗೆ ಸಿಗುವುದಲ್ಲ. ಹಾಗಾಗಿ ಪ್ರಶ್ನೆ ಕೇಳಿ: ಎದುರಾಳಿ ಯಾವ ಒಕ್ಕ? ಸ್ಕೋರ್ ಎಷ್ಟು? ಇವತ್ತು ಯಾವ ವಾರ? ಉತ್ತರ ತಪ್ಪಿದರೆ ಕೆಳಗಿನ ಕೆಲಸ ಶುರು ಮಾಡಿ.

ಒಂದು ಎಚ್ಚರಿಕೆ. ಬಿದ್ದವನು ಉಸಿರೇ ಆಡುತ್ತಿಲ್ಲ ಅಂದರೆ ಅದು ಹೃದಯದ ವಿಷಯ. ತಕ್ಷಣ ಎದೆ ಒತ್ತಲು ಶುರು ಮಾಡಿ. ತಲೆಗೆ ಚೆಂಡೋ ಸ್ಟಿಕ್ಕೋ ಬಿದ್ದಿತ್ತಾ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರಾ ಅಂತ ಪಕ್ಕದವರನ್ನು ಕೇಳಿ.

ಮೊದಲ ಅರ್ಧ ಗಂಟೆ

ಮೊದಲು ತಂಪು, ಆಮೇಲೆ ಗಾಡಿ. ಬಿದ್ದ ಅರ್ಧ ಗಂಟೆಯೊಳಗೆ ಮೈಕಾವು 39 ಡಿಗ್ರಿ ಹತ್ತಿರ ಇಳಿದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು. ಆ ಅರ್ಧ ಗಂಟೆಯನ್ನು ನಾವು ಜೀಪಿನಲ್ಲಿ, ತಿರುವುಗಳಲ್ಲಿ ಕಳೆದೆವು.

ಒಬ್ಬರು 108ಕ್ಕೆ ಫೋನ್ ಮಾಡಿ. ಅವರು ಮಾತಾಡುತ್ತಿರುವಾಗಲೇ ಉಳಿದವರು ಆಟಗಾರನನ್ನು ನೆರಳಿಗೆ ಎತ್ತಿ, ಶೂ, ಶಿನ್ ಗಾರ್ಡ್, ಪ್ಯಾಡ್, ಜರ್ಸಿ ಬಿಚ್ಚಿ. ಜರ್ಸಿ ಸಿಕ್ಕಿಕೊಂಡರೆ ಕತ್ತರಿಸಿ, ಟ್ರೋಫಿಗಿಂತ ಜರ್ಸಿ ದೊಡ್ಡದಲ್ಲ.

ಟಾರ್ಪಾಲ್ ಮಧ್ಯ ಮಲಗಿಸಿ. ಐದಾರು ಜನ ಸುತ್ತಲೂ ಅಂಚು ಎತ್ತಿ ಹಿಡಿದರೆ ಅದೇ ತೊಟ್ಟಿಯಾಗುತ್ತದೆ. ತಲೆಯ ಕಡೆ ನಿಂತವರು ಎರಡೂ ಕಂಕುಳ ಕೆಳಗೆ ಟವೆಲ್ ತೂರಿಸಿ ಹಿಡಿದು ಮುಖ ನೀರಿನ ಮೇಲಿರುವಂತೆ ನೋಡಿಕೊಳ್ಳಬೇಕು. ಅವರಿಗೆ ಬೇರೆ ಕೆಲಸ ಇಲ್ಲ. ಡ್ರಮ್ಮಿನ ನೀರು, ಐಸ್ ಎಲ್ಲ ಸುರಿಯಿರಿ. ಆಮೇಲೆ ಅಂಚು ಹಿಡಿದವರು ಆ ಕಡೆ ಈ ಕಡೆ ಮೆಲ್ಲಗೆ ತೂಗುತ್ತಿರಬೇಕು, ತೊಟ್ಟಿಲು ತೂಗಿದ ಹಾಗೆ. ನೀರು ನಿಂತಲ್ಲೇ ನಿಂತರೆ ಮೈಗೆ ತಾಗಿದ ಪದರ ಬೆಚ್ಚಗಾಗಿ ಕೆಲಸ ನಿಧಾನವಾಗುತ್ತದೆ. ಹೀಗೆ ಮುಳುಗಿಸಿದರೆ ಐಸ್ ನೀರು ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಸಬಲ್ಲದು. 42 ಇದ್ದದ್ದು ಕಾಲು ಗಂಟೆಯಲ್ಲಿ 39ಕ್ಕೆ ಬರುತ್ತದೆ ಅಂದಹಾಗಾಯಿತು.

ಐಸ್ ಇಲ್ಲವೇ? ಕೆರೆ ನೀರಾದರೂ ಸರಿ, ಸ್ಪ್ರಿಂಕ್ಲರ್ ಪೈಪಿನ ನೀರಾದರೂ ಸರಿ, ನಿಲ್ಲಿಸದೆ ಸುರಿಯಿರಿ. ಟಾರ್ಪಾಲೂ ಇಲ್ಲದಿದ್ದರೆ ಟವೆಲ್‌ಗಳನ್ನು ತಣ್ಣೀರಲ್ಲಿ ಅದ್ದಿ ತಲೆ, ಎದೆ, ಹೊಟ್ಟೆ, ಕೈಕಾಲು ಎಲ್ಲ ಹೊದಿಸಿ, ಎರಡೆರಡು ನಿಮಿಷಕ್ಕೆ ಬದಲಿಸಿ, ರಟ್ಟಿನಿಂದ ಗಾಳಿ ಹಾಕಿ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಪೊಟ್ಟಣ ಇಡುವುದು ಜೊತೆಗಿರಲಿ. ಅದೊಂದೇ ಸಾಲದು.

‘ಕಾದ ಮೈಗೆ ತಣ್ಣೀರು ಹಾಕಿದರೆ ಹಾರ್ಟ್ ನಿಂತುಹೋಗುತ್ತದೆ’ ಅಂತ ಹಿರಿಯರೊಬ್ಬರು ಕೈ ಹಿಡಿಯುತ್ತಾರೆ, ಖಂಡಿತ. ವಿನಯದಿಂದಲೇ ಪಕ್ಕಕ್ಕೆ ಸರಿಸಿ. ಇವನಿಗೆ ಅಪಾಯ ತಣ್ಣೀರಿನಿಂದಲ್ಲ, ಕಾವಿನಿಂದ.

ಮಾತು ತಪ್ಪಿದವನ ಬಾಯಿಗೆ ನೀರು, ಎಳನೀರು, ಬ್ರಾಂದಿ ಯಾವುದನ್ನೂ ಹಾಕಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಬಂದರೆ ಮಗ್ಗುಲಿಗೆ ತಿರುಗಿಸಿ. ಇದು ಜ್ವರ ಅಲ್ಲ, ಹಾಗಾಗಿ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ಬಳಲಿದ ಲಿವರಿಗೆ ಅದೊಂದು ಹೊರೆ ಅಷ್ಟೆ.

ಎಷ್ಟು ಹೊತ್ತು? ಅಳೆಯುವ ಸಾಧನ ಇಲ್ಲದಿದ್ದರೆ ಹತ್ತು ಹದಿನೈದು ನಿಮಿಷ, ಅಥವಾ ಅವನು ಸರಿಯಾಗಿ ಮಾತಾಡಿ ನಡುಗಲು ಶುರು ಮಾಡುವ ತನಕ. ಆಂಬುಲೆನ್ಸ್ ಮೊದಲೇ ಬಂದರೂ ‘ಇನ್ನೈದು ನಿಮಿಷ’ ಅಂತ ಹೇಳುವ ಧೈರ್ಯ ಇರಲಿ. ಗಾಡಿಯಲ್ಲೂ ಒದ್ದೆ ಟವೆಲ್ ಬದಲಿಸುತ್ತಲೇ ಹೋಗಬೇಕು.

ಎದ್ದು ಕೂತು ನಕ್ಕರೂ ಆಸ್ಪತ್ರೆಗೆ ಹೋಗಲೇಬೇಕು. ಲಿವರ್, ಕಿಡ್ನಿ, ಸ್ನಾಯುಗಳಿಗೆ ಆದ ಪೆಟ್ಟು ಒಂದೆರಡು ದಿನ ಕಳೆದಮೇಲೆ ಕಾಣಿಸಿಕೊಳ್ಳುತ್ತದೆ. ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯು ಕರಗುತ್ತಿದೆ ಅಂತ ತಿಳಿಯಿರಿ. ಆಮೇಲೆ ಕಡಿಮೆ ಅಂದರೂ ಒಂದು ವಾರ ಯಾವ ವ್ಯಾಯಾಮವೂ ಇಲ್ಲ. ಮತ್ತೆ ಆಡುವುದು ರಕ್ತಪರೀಕ್ಷೆ ಸರಿಯಾಗಿ, ಡಾಕ್ಟರ್ ಒಪ್ಪಿದ ಮೇಲೆ, ಅದೂ ಮೇಲೆ ಹೇಳಿದ ಇಪ್ಪತ್ತು ನಿಮಿಷದಿಂದಲೇ ಮೊದಲಾಗಿ.

ನಮ್ಮ ಹುಡುಗ ಮುಂದಿನ ವರ್ಷ ಆಡಲಿಲ್ಲ, ಅದರ ಮುಂದಿನ ವರ್ಷ ಆಡಿದ. ಹದಿನೈದು ದಿನ ಮೊದಲೇ ರಜೆ ಹಾಕಿ ಬಂದಿದ್ದ. ಹಾಫ್ ಟೈಮಿನಲ್ಲಿ ನಾನು ಬಕೆಟ್ ಹಿಡಿದು ಹತ್ತಿರ ಹೋಗಿ ‘ಎದುರಾಳಿ ಯಾವ ಒಕ್ಕ ಹೇಳು’ ಅಂದೆ. ಹೆಸರು ಹೇಳಿ, ‘ದನವೂ ಕಟ್ಟಿ ಆಯ್ತು ಅಣ್ಣ, ನೀರು ಕೊಡಿ’ ಅಂದ.